ಕಲ್ಲಿನ ಸದ್ದು ತೆಗೆಯಬೇಡಿ

ಮೊನ್ನೆ ರಾತ್ರಿ ಹತ್ತೂವರೆಗೆ ನಾನು ಹೊರತರುತ್ತಿರುವ ಜನಪದ ಹಾಡಿನ ಆಲ್ಬಮ್ಮಿನ ಎಂಟೂ ಹಾಡುಗಳ ಕೊನೆಯ ಫೈಲುಗಳು ಬಂದವು. ಮಗಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಂದೊಂದಾಗಿ ಕೇಳುತ್ತ ಕೂತೆ. ಮೊದಲ ಆರು ಹಾಡು ನಾನು ಬಯಸಿದ ಹಾಗೇ ಇದ್ದವು. ಏಳನೆಯದು ಶುರುವಾಯಿತು. ದೊಡ್ಡವ್ವನ ದನಿ ತೊಳೆದಿಟ್ಟ ಹಾಗೆ ಸ್ವಚ್ಛ. ಆದರೂ ಕೇಳುತ್ತ ಕೇಳುತ್ತ ಏನೋ ಕಸಿವಿಸಿ. ಎರಡನೇ ನುಡಿಗೆ ಬಂದಾಗ ತಿಳಿಯಿತು, ಬೀಸುವ ಕಲ್ಲಿನ ಸದ್ದೇ ಇಲ್ಲ.

ಮಾಸ್ಟರಿಂಗ್, ಅಂದರೆ ಹಾಡಿನ ದನಿಗೆ ಕೊನೆಯ ಹದ, ಮಾಡಿಕೊಡುತ್ತಿರುವ ಹುಡುಗನಿಗೆ ಆ ಹೊತ್ತಿನಲ್ಲೇ ಫೋನ್ ಮಾಡಿದೆ. ಒಳ್ಳೆಯ ಹುಡುಗ, ಕಿವಿ ಚುರುಕು, ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತಾನೆ. "ಮೇಡಂ, ಆ ಹಾಡಿನ್ಯಾಗ ಗರಗರ ನಾಯ್ಸ್ ಭಾಳ ಇತ್ರಿ. ಅದೊಂದಕ್ಕ ಸ್ವಲ್ಪ ಕ್ಲೀನ್ ಮಾಡೇನಿ" ಎಂದ. ನಮ್ಮ ಹಾಡಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದ. "ಅಪ್ಪಾ, ಆ ಗರಗರನ ಇದರ ತಾಳ. ಅದನ್ನ ತಿರುಗಿ ಹಾಕಿಕೊಡು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹಳೆಯ ಫೈಲ್ ತೆಗೆದು ಕೇಳಿರಬೇಕು, "ಹೌದ್ರಿ ಮೇಡಂ, ಕಲ್ಲ ತಿರುಗಿದಂಗ ಹಾಡು ತಿರಗತೈತಿ" ಎಂದ. ನಿನ್ನೆ ಸಂಜೆ ಸರಿಯಾದ ಫೈಲ್ ಬಂತು.

ಈ ಆಲ್ಬಮ್ ಬಿಡುಗಡೆಗೆ ಇನ್ನು 26 ದಿನ ಇದೆ. ಎಂಟು ಹಾಡು, 37 ನಿಮಿಷ. ಐದು ಬೀಸುವ ಪದಗಳು, ಎರಡು ಪಂಚಮಿ ಜೋಕಾಲಿ ಪದಗಳು, ಒಂದು ಜೋಗುಳ. ಹಾಡಿದವರು ಇಬ್ಬರು: ನನ್ನ ಅವ್ವನ ಅಕ್ಕ, ಅಂದರೆ ದೊಡ್ಡವ್ವ, ವಯಸ್ಸು 74. ಅವಳ ಬಾಜೂ ಮನೆಯ ಕಾಕಿ, ದೊಡ್ಡವ್ವನಿಗಿಂತ ನಾಲ್ಕು ವರ್ಷ ಸಣ್ಣವಳು. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಮೊದಲ ಸಲ ಆಲ್ಬಮ್ಮಿನ ಮೇಲೆಯೇ ಬರಬೇಕು, ಅಲ್ಲೇ ನೀವು ಓದಬೇಕು ಎಂಬುದು ನನ್ನ ಆಸೆ.

ಇದೆಲ್ಲ ಶುರುವಾದದ್ದು ಒಂದು ಕ್ಯಾಸೆಟ್‌ನಿಂದ. ಅವ್ವನ ಅವ್ವನನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ಹಾಡಿದ್ದನ್ನು ತೊಂಬತ್ತರ ದಶಕದ ಮೊದಲಲ್ಲಿ ಯಾರೋ ಒಂದು ಸಿ-60 ಕ್ಯಾಸೆಟ್‌ನಲ್ಲಿ ಟೇಪ್ ಮಾಡಿದ್ದರು. ಎರಡೂ ಬದಿ ಸೇರಿ ಒಂದು ತಾಸು. ಮುಂದೆ ಯಾವಾಗಲೋ ಮನೆಯವರೇ ಒಬ್ಬರು ಅದರ ಮೇಲೆ ಸಿನಿಮಾ ಹಾಡು ತುಂಬಿಸಿಬಿಟ್ಟರು. ನಾನು ನಾಲ್ಕು ವರ್ಷದ ಹಿಂದೆ ಆ ಕ್ಯಾಸೆಟ್ ಹುಡುಕಿ, ಪೆನ್ಸಿಲ್ ಹಾಕಿ ಸುತ್ತಿ, ಹಳೆಯ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಸಿ ಹಾಕಿದಾಗ ಆಯಿಯ ದನಿ ಉಳಿದಿದ್ದು ಬರೀ ನಾಲ್ಕು ನಿಮಿಷ. ಒಂದು ಪದದ ನಡುವೆ ಆಕೆ ಉಸಿರು ತೆಗೆದುಕೊಳ್ಳುತ್ತಾಳೆ, ಅಷ್ಟರಲ್ಲಿ ಆರ್ಕೆಸ್ಟ್ರಾ ಶುರುವಾಗುತ್ತದೆ. ಆ ದಿನ ಅತ್ತೆ. ಮರುದಿನ ದೊಡ್ಡವ್ವನ ಊರಿಗೆ ಹೋದೆ.

ದೊಡ್ಡವ್ವನದು ನವಲಗುಂದ ತಾಲೂಕಿನ ಒಂದು ಹಳ್ಳಿ. ಬೆಣ್ಣೆಹಳ್ಳದ ದಂಡೆ, ಎರಿ ಭೂಮಿ, ಜೋಳದ ಸೀಮೆ. ಮೊದಲ ಸಲ ನಾನು ದೊಡ್ಡ ತಪ್ಪು ಮಾಡಿದೆ, ದೊಡ್ಡವ್ವನನ್ನೂ ಕಾಕಿಯನ್ನೂ ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಕರೆದುಕೊಂಡು ಬಂದೆ. ತಾಸಿಗೆ 800 ರೂಪಾಯಿ, ನಾಲ್ಕು ತಾಸು ಹಿಡಿದಿದ್ದೆ. ಎಸಿ ಚಳಿಗೆ ಇಬ್ಬರೂ ಸೆರಗು ಹೊದ್ದು ನಿಂತರು. ಕಿವಿಗೆ ಹೆಡ್‌ಫೋನ್, ಅದರೊಳಗೆ ತಾಳ ತಪ್ಪದಿರಲೆಂದು ಟಿಕ್ ಟಿಕ್ ಎನ್ನುವ ಕ್ಲಿಕ್. ಊರಲ್ಲಿ ಕೇಳಿದರೆ ಬೆಳಗಾಗುವವರೆಗೂ ಹಾಡುವ ದೊಡ್ಡವ್ವ ಅಲ್ಲಿ ಮೂರನೇ ಸಾಲಿಗೇ ಪದ ಮರೆತಳು. ಮತ್ತೆ ಶುರು ಮಾಡಿದಳು, ಮತ್ತೆ ಮರೆತಳು. ಕಾಕಿ ಅಂತೂ ಬಾಯಿಯೇ ಬಿಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಯವ್ವಾ, ಕಲ್ಲ ಇಲ್ಲದ ಪದಾ ಹೆಂಗ ಬರ್ತಾವ? ಕೈ ತಿರಗಬೇಕು. ಕೈ ತಿರಗಿದ್ರ ಬಾಯಿ ತಾನ ತೆರೀತೈತಿ."

ಊರಿಗೆ ಗಿರಣಿ ಬಂದ ಮೇಲೆ ಕಲ್ಲು ದನದ ಕೊಟ್ಟಿಗೆಯ ಮೂಲೆ ಸೇರಿತ್ತು. ಗೂಟ ಸಡಿಲ, ಹಲ್ಲು ಸವೆದು ನುಣುಪಾಗಿ ಹೋಗಿತ್ತು. ಪಕ್ಕದ ಊರಿನಿಂದ ಉಳಿ ಹಿಡಿದು ಒಬ್ಬ ಹಿರಿಯರು ಬಂದರು. ಈ ಕೆಲಸಕ್ಕೆ ಕರೆ ಬಂದು ಎಷ್ಟೋ ವರ್ಷವಾಯಿತು ಎಂದರು. ಮೇಲಿನ ಕಲ್ಲು, ಕೆಳಗಿನ ಕಲ್ಲು ಎರಡನ್ನೂ ಅರ್ಧ ದಿನ ಕೂತು ಕಟೆದರು. ಹೊಸದಾಗಿ ಕಟೆದ ಕಲ್ಲಿನಲ್ಲಿ ಬೀಸಿದ ಮೊದಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಅದನ್ನು ಚೆಲ್ಲಬೇಕು. ಎರಡು ಸಲ ಬೀಸಿ ಚೆಲ್ಲಿದ ಮೇಲೆ ದೊಡ್ಡವ್ವ ಮೂರನೇ ಸಲದ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ನಾಲಿಗೆಗೆ ಹಚ್ಚಿಕೊಂಡು, "ಈಗ ಹಾಡಬಹುದು" ಎಂದಳು.

ನಾನು ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಆ ಮಿಡಿತ ವೈರಿನಿಂದ, ಫ್ಯಾನಿನಿಂದ, ಟ್ಯೂಬ್‌ಲೈಟ್ ಚೋಕಿನಿಂದ ಹೇಗೋ ಮೈಕಿಗೆ ನುಸುಳಿ ಗುಂಯ್ ಎಂದು ಕೂತುಬಿಡುತ್ತದೆ. 50ರಲ್ಲಿ, ಅದರ ಇಮ್ಮಡಿ 100ರಲ್ಲಿ, 150ರಲ್ಲಿ. ಕಲ್ಲಿನ ಸದ್ದಿನ ತಳವೂ ಅಲ್ಲೇ ಎಲ್ಲೋ ಇರುವುದು. ಆಮೇಲೆ ಕಂಪ್ಯೂಟರಿನಲ್ಲಿ ಒಂದನ್ನು ತೆಗೆಯಹೋದರೆ ಇನ್ನೊಂದೂ ಜೊತೆಗೆ ಹೋಗುತ್ತದೆ. ಅದಕ್ಕೇ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡಿದ್ದ ಝೂಮ್ ಎಚ್4ಎನ್ ರೆಕಾರ್ಡರ್ ಎರಡು ಪೆನ್ಸಿಲ್ ಸೆಲ್ ಮೇಲೆ ಓಡುತ್ತದೆ. ಎರಡು ಕಂಡೆನ್ಸರ್ ಮೈಕುಗಳನ್ನೂ ಅದಕ್ಕೇ ಹಚ್ಚಿದರೆ ಸೆಲ್ ಬೇಗ ಇಳಿಯುತ್ತದೆ ಎಂದು ಒಂದು ಡಜನ್ ಚೀಲದಲ್ಲಿಟ್ಟುಕೊಂಡಿದ್ದೆ.

ಬೆಳಗಿನ ಜಾವ ನಾಲ್ಕೂಕಾಲಿನಿಂದ ಐದೂಕಾಲಿನವರೆಗೆ ನಮಗೆ ಸಿಗುತ್ತಿದ್ದುದು ಒಂದೇ ತಾಸು. ಆಮೇಲೆ ಗುಡಿಯ ಸ್ಪೀಕರಿನಲ್ಲಿ ಸುಪ್ರಭಾತ, ಹಾಲಿನ ಗಾಡಿ, ಟ್ರ್ಯಾಕ್ಟರು. ಮಣ್ಣಿನ ಮಾಳಿಗೆಯ ಮನೆ ಅದು, ದಪ್ಪ ಗೋಡೆ, ಕಟ್ಟಿಗೆಯ ತೊಲೆ. ಪಡಸಾಲೆಯ ಮೂಲೆಗಳಲ್ಲಿ ಜೋಳದ ಚೀಲ ಒಟ್ಟಿತ್ತು. ಬಾಗಿಲುಗಳಿಗೆ ನಾಲ್ಕು ಕೌದಿ ತೂಗುಹಾಕಿದೆ. ಹುಬ್ಬಳ್ಳಿಯ ಸ್ಟುಡಿಯೋದ ಗೋಡೆಗೆ ಹಚ್ಚಿದ್ದ ಸ್ಪಂಜಿಗಿಂತ ಈ ಕೌದಿ, ಈ ಚೀಲ ಒಳ್ಳೆಯ ಕೆಲಸ ಮಾಡಿದವು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಒಂದು ಮೈಕನ್ನು ಕಲ್ಲಿನಿಂದ ಒಂದು ಮೊಳ ದೂರ, ನೆಲಕ್ಕೆ ಹತ್ತಿರ ಇಟ್ಟೆ. ಇನ್ನೊಂದು ಇಬ್ಬರ ಮುಖದ ಎತ್ತರಕ್ಕೆ. ಚಿಮಣಿ ದೀಪ ಹಚ್ಚಿದೆ.

ಇಬ್ಬರೂ ಎದುರುಬದುರು ಕೂತು, ಒಂದು ಕಾಲು ಚಾಚಿ, ಒಂದೇ ಗೂಟಕ್ಕೆ ಇಬ್ಬರ ಕೈ ಹಾಕಿದರು. ಕಲ್ಲು ತಿರುಗಿತು. ಐದಾರು ಸುತ್ತು ಬರೀ ಕಲ್ಲು. ಆಮೇಲೆ ದೊಡ್ಡವ್ವ ಎತ್ತಿಕೊಂಡಳು. ಹುಬ್ಬಳ್ಳಿಯಲ್ಲಿ ಮರೆತಿದ್ದ ಅದೇ ಪದ, ಹದಿನೆಂಟು ನುಡಿ, ಎಲ್ಲೂ ತಡವರಿಸಲಿಲ್ಲ.

ಅಲ್ಲಿ ಕೂತು ಕಣ್ಣಾರೆ ಕಂಡ ಒಂದು ಸಂಗತಿ ಹೇಳಬೇಕು. ಈ ಪದಗಳೆಲ್ಲ ತ್ರಿಪದಿ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಕ್ರಿ.ಶ. 700ರ ಸುಮಾರಿನದು, ಅದರಲ್ಲಿರುವುದೂ ಇದೇ ಮೂರು ಸಾಲಿನ ಅಚ್ಚು. ಓದಿದರೆ ಮೂರು ಸಾಲು. ಹಾಡುವಾಗ ಎರಡನೇ ಸಾಲಿನ ಒಂದು ಭಾಗವನ್ನು ಮತ್ತೊಮ್ಮೆ ಹೇಳುತ್ತಾರೆ, ಕಿವಿಗೆ ಅದು ನಾಲ್ಕು ಸಾಲಾಗುತ್ತದೆ. ಇದನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಯಾಕೆ ಹಾಗೆ ಎಂದು ಅಂದು ನನಗೆ ಹೊಳೆದಿರಲಿಲ್ಲ. ಇಲ್ಲಿ ಆ ಮರುಕಳಿಸುವ ಭಾಗ ಬಂದಾಗಲೆಲ್ಲ ಕಾಕಿ ದನಿಯನ್ನು ಎತ್ತಿ ಹಿಡಿದುಕೊಳ್ಳುತ್ತಾಳೆ, ಅಷ್ಟರಲ್ಲಿ ದೊಡ್ಡವ್ವ ಎಡಗೈಯಿಂದ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕುತ್ತಾಳೆ. ಪ್ರತಿ ಸಲವೂ ಹಾಕಬೇಕಂತಿಲ್ಲ, ಆದರೆ ಹಾಕುವುದಿದ್ದರೆ ಅಲ್ಲೇ. ಕಾಳು ಬಿದ್ದ ಕೂಡಲೇ ಕಲ್ಲು ಭಾರವಾಗುತ್ತದೆ, ಸದ್ದು ಇಳಿಯುತ್ತದೆ, ಹಾಡೂ ಒಂದು ಕೂದಲೆಳೆ ನಿಧಾನವಾಗುತ್ತದೆ. ಕಾಳು ತೀರುತ್ತ ಬಂದಂತೆ ಕಲ್ಲು ಹಗುರ, ಹಾಡು ಚುರುಕು. ಮನೆಗೆ ಬಂದು ಎಣಿಸಿದೆ: ತುಂಬಿದ ಕಲ್ಲು ನಿಮಿಷಕ್ಕೆ 40 ಸುತ್ತಿನ ಆಸುಪಾಸು, ಬರಿದಾದಾಗ 46, 47. ಕ್ಲಿಕ್ ಇಟ್ಟುಕೊಂಡು ಇದನ್ನು ಹಾಡುವುದು ಯಾರಿಂದ ಸಾಧ್ಯ?

ಮೂರು ಜಾವ ಹೀಗೆ ರೆಕಾರ್ಡ್ ಮಾಡಿದೆವು. ಜೋಕಾಲಿ ಪದಗಳನ್ನು ಬೇವಿನ ಗಿಡಕ್ಕೆ ಹಗ್ಗ ಕಟ್ಟಿಯೇ ಹಾಡಿಸಿದೆ. ಕಾಕಿಯ ಮೊಮ್ಮಗಳು ಜೀಕಿದಳು, ಕೊಂಬೆಗೆ ಹಗ್ಗ ತಿಕ್ಕುವ ಕಿರ್ರ್ ಎಂಬ ಸದ್ದು ಹಾಡಿನುದ್ದಕ್ಕೂ ಇದೆ. ಜೋಗುಳಕ್ಕೆ ತೊಟ್ಟಿಲ ಸರಪಳಿ. ಆ ಮೂರು ದಿನ ಬೀಸಿದ ಹಿಟ್ಟಿನ ರೊಟ್ಟಿಯನ್ನೇ ಎಲ್ಲರೂ ಉಂಡೆವು.

ಹಾಡು ಕೈಗೆ ಬಂದ ಮೇಲೆ ನನಗೆ ಆಸೆ ಹುಟ್ಟಿತು. ತಂಬೂರಿ ಹಾಕಿದರೆ ಹೇಗೆ, ಹಾರ್ಮೋನಿಯಂ ಇದ್ದರೆ ತುಂಬಿ ಬಂದೀತೇನೋ. ಅಣ್ಣನ ಮಗ ಕೀಬೋರ್ಡ್ ಚೆನ್ನಾಗಿ ನುಡಿಸುತ್ತಾನೆ, ಎರಡು ಹಾಡಿಗೆ ಅವನಿಂದ ನುಡಿಸಿಯೂ ಆಯಿತು. ತಿಂಗಳುಗಟ್ಟಲೆ ಆ ಎರಡನ್ನೇ ತಿದ್ದುತ್ತಿದ್ದೆ. ಕೀಬೋರ್ಡಿಗೆ ಹೊಂದಲೆಂದು ಹಾಡಿನ ಗತಿಯನ್ನು ಅಲ್ಲಲ್ಲಿ ಎಳೆದು ಸಮ ಮಾಡಿದೆ, ಸಮ ಮಾಡಿದ ಕಡೆಯೆಲ್ಲ ಕಾಳು ಹಾಕುವ ಕೈ ಕಾಣದಾಯಿತು. ಒಂದು ಭಾನುವಾರ ಎಲ್ಲವನ್ನೂ ಅಳಿಸಿದೆ. ಈಗ ಆಲ್ಬಮ್ಮಿನಲ್ಲಿ ಒಂದೂ ವಾದ್ಯ ಇಲ್ಲ. ಅಣ್ಣನ ಮಗನಿಗೆ ಮೊದಲೇ ಹೇಳಿದೆ, ಅವನು ಬೇಜಾರು ಮಾಡಿಕೊಳ್ಳಲಿಲ್ಲ.

ದನಿಯ ಜೋರಿನ ವಿಷಯದಲ್ಲೂ ಒಂದು ತೀರ್ಮಾನ ಮಾಡಬೇಕಾಯಿತು. ಸ್ಪಾಟಿಫೈನಂಥ ಕಡೆ ಎಲ್ಲ ಹಾಡುಗಳನ್ನೂ ಒಂದೇ ಜೋರಿಗೆ ತರುತ್ತಾರೆ, ಮೈನಸ್ 14 ಎಲ್‌ಯುಎಫ್‌ಎಸ್ ಎಂಬುದು ಅವರ ಅಳತೆ (ಎಲ್‌ಯುಎಫ್‌ಎಸ್ ಎಂದರೆ ದನಿಯ ಜೋರನ್ನು ಅಳೆಯುವ ಮಾನ). ಅದಕ್ಕಿಂತ ಜೋರಾಗಿ ಒತ್ತಿ ಕೊಟ್ಟರೆ ಅವರೇ ತಗ್ಗಿಸುತ್ತಾರೆ. ನಮ್ಮದು ಮೈನಸ್ 17ರಲ್ಲಿದೆ, ಅಂದರೆ ಅದಕ್ಕಿಂತ ಮೆಲ್ಲಗೆ. ಅಲ್ಲೇ ಇರಲಿ ಎಂದೆ. ದೊಡ್ಡವ್ವ ಸಾಲಿನ ಕೊನೆಯಲ್ಲಿ ದನಿಯನ್ನು ಎಷ್ಟು ಸಣ್ಣದು ಮಾಡುತ್ತಾಳೆಂದರೆ ಅಲ್ಲಿ ಚಿಮಣಿ ದೀಪದ ಚಟಪಟವೂ ಕೇಳುತ್ತದೆ. ಒತ್ತಿದರೆ ಅದು ಉಳಿಯುವುದಿಲ್ಲ.

ಆಮೇಲೆ ಬಂತು ಫಾರ್ಮು. ಹಾಡುಗಳನ್ನು ಎಲ್ಲ ಆ್ಯಪ್‌ಗಳಿಗೆ ತಲುಪಿಸುವ ಕಂಪನಿಗಳಿವೆ, ವರ್ಷಕ್ಕಿಷ್ಟು ಎಂದು ಹಣ ಕಟ್ಟಿದರೆ ಆಯಿತು. ಅವರ ಫಾರ್ಮಿನಲ್ಲಿ ಪ್ರತಿ ಹಾಡಿಗೂ ಕಾಲಂಗಳು: ಮುಖ್ಯ ಕಲಾವಿದರು, ಸಂಗೀತ ಸಂಯೋಜಕರು, ಗೀತರಚನೆಕಾರರು, ನಿರ್ಮಾಪಕರು. ಮುಖ್ಯ ಕಲಾವಿದರು ಎಂಬಲ್ಲಿ, ಖಾತೆ ತೆರೆದವಳು ನಾನಾದ್ದರಿಂದ, ನನ್ನ ಹೆಸರು ತಾನಾಗಿಯೇ ಬಂದು ಕೂತಿತ್ತು. ಅದನ್ನು ನೋಡಿ ನನಗೆ ನಿಜವಾಗಿಯೂ ಭಯವಾಯಿತು. ಜನಪದ ಗೀತೆಗಳ ಎಷ್ಟೋ ಸಂಗ್ರಹಗಳನ್ನು ಓದಿದ್ದೇನೆ. ಮುಖಪುಟದ ಮೇಲೆ ಸಂಗ್ರಹಿಸಿದವರ ಹೆಸರು, ಹಾಡಿದ ಹೆಣ್ಣುಮಕ್ಕಳ ಹೆಸರು ಒಳಗೆ ಒಂದು ಪಟ್ಟಿಯಲ್ಲಿ, ಕೆಲವು ಕಡೆ ಅದೂ ಇಲ್ಲ. ಆ ಸಂಗ್ರಹಕಾರರು ಊರೂರು ಅಲೆದು ಬರೆದುಕೊಳ್ಳದಿದ್ದರೆ ನಮಗೆ ಆ ಪದಗಳೇ ಇರುತ್ತಿರಲಿಲ್ಲ, ಅವರ ಋಣ ದೊಡ್ಡದು. ಆದರೂ ಒಂದು ಪದವನ್ನು ಐವತ್ತು ವರ್ಷ ಕೈಯಲ್ಲಿ ಕಲ್ಲು ಹಿಡಿದು ಹಾಡಿದವಳು "ಮಾಹಿತಿ ನೀಡಿದವರು" ಎಂಬ ಸಾಲಿನಲ್ಲಿ ಮುಗಿದುಹೋಗುವುದು ನನ್ನಿಂದ ಆಗಬಾರದು.

ಗೀತರಚನೆ, ಸಂಯೋಜನೆ ಎರಡೂ ಕಡೆ "ಸಾಂಪ್ರದಾಯಿಕ" ಎಂದು ಹಾಕಿದೆ. ಮುಖ್ಯ ಕಲಾವಿದರು ಎಂಬಲ್ಲಿ ಇಬ್ಬರ ಹೆಸರು. ನಿರ್ಮಾಪಕರು ಎಂಬಲ್ಲಿ ನನ್ನದು. ಪರಿಚಯದ ವಕೀಲರೊಬ್ಬರನ್ನು ಕೇಳಿದಾಗ ಕಾನೂನೂ ಈ ಕಡೆಗೇ ಇದೆ ಎಂದು ತಿಳಿಯಿತು. ಧ್ವನಿಮುದ್ರಣದ ಹಕ್ಕು ನಿರ್ಮಾಪಕರದು, ಪ್ರಕಟವಾದ ಮೇಲೆ 60 ವರ್ಷ. ಆದರೆ ಹಾಡಿದವರಿಗೆ ಅವರದೇ ಹಕ್ಕು ಬೇರೆ ಇದೆ, ಅದು 50 ವರ್ಷ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದಾಗ 38ಎ, 38ಬಿ ಎಂಬ ಕಲಮುಗಳು ಸೇರಿದವು. ಮೊದಲನೆಯದು ಹಾಡು ವ್ಯಾಪಾರಕ್ಕೆ ಬಳಕೆಯಾದರೆ ಹಾಡಿದವರಿಗೆ ರಾಯಲ್ಟಿ ಸಲ್ಲಬೇಕು ಎನ್ನುತ್ತದೆ, ಎರಡನೆಯದು ಹಾಡಿದವರು ತಾವೇ ಎಂದು ಹೆಸರು ಹೇಳಿಕೊಳ್ಳುವ ಹಕ್ಕು ಕೊಡುತ್ತದೆ. ಹಾಡುಗಾರರು ಎಂದರೆ ಸಭೆಯಲ್ಲಿ ಕೂತು ಹಾಡುವವರು ಮಾತ್ರ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಕಲ್ಲಿನ ಮುಂದೆ ಕೂತವರೂ ಹಾಡುಗಾರರೇ.

ಹೋದ ತಿಂಗಳು ಇ-ಸ್ಟಾಂಪ್ ಕಾಗದದ ಮೇಲೆ ಒಂದೂವರೆ ಪುಟದ ಕರಾರು ಮಾಡಿಸಿಕೊಂಡು ಊರಿಗೆ ಹೋದೆ. ಕನ್ನಡದಲ್ಲೇ ಬರೆಸಿದ್ದೆ. "ಹಾಡಾಕೂ ಕಾಗದ ಬೇಕನ ಯವ್ವಾ?" ಎಂದಳು ದೊಡ್ಡವ್ವ. ಪೂರ್ತಿ ಓದಿ ಹೇಳಿದೆ. ತಲಾ 15,000 ರೂಪಾಯಿ ಈಗಲೇ, ಮುಂದೆ ಏನಾದರೂ ಬಂದರೆ ನೂರಕ್ಕೆ ನಲವತ್ತು ದೊಡ್ಡವ್ವನಿಗೆ, ನಲವತ್ತು ಕಾಕಿಗೆ, ಇಪ್ಪತ್ತು ಖರ್ಚಿಗೆ. ಮುಂಗಡವಾಗಿ ಕೊಡಲೇಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಇದೆ: ಸ್ಪಾಟಿಫೈನಲ್ಲಿ 2024ರಿಂದ, ಒಂದು ಹಾಡನ್ನು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದಿದ್ದರೆ ಅದು ರಾಯಲ್ಟಿಯ ಲೆಕ್ಕಕ್ಕೇ ಬರುವುದಿಲ್ಲ. ಆ ಸಾವಿರಕ್ಕಾಗಿ ಈ ವಯಸ್ಸಿನಲ್ಲಿ ಅವರು ಯಾಕೆ ಕಾಯಬೇಕು?

ಕಾಕಿಗೆ ಚಿಂತೆ ಬೇರೆಯದು. "ಇದರಿಂದ ನನ್ನ ರೇಷನ್ ಕಾರ್ಡಿಗೆ, ಪಿಂಚಣಿಗೆ ಏನರ ಆಗತೈತೇನ?" ಎಂದು ಎರಡು ಸಲ ಕೇಳಿದಳು. ನ್ಯಾಯವಾದ ಪ್ರಶ್ನೆ. ಮೊದಲೇ ವಕೀಲರಿಂದ ಕೇಳಿ ತಿಳಿದುಕೊಂಡು ಬಂದಿದ್ದೆ, ಗಾಬರಿಯಾಗುವಂಥದ್ದೇನೂ ಇಲ್ಲ ಎಂದು ಬಿಡಿಸಿ ಹೇಳಿದ ಮೇಲೆಯೇ ಸಮಾಧಾನವಾಯಿತು. ದೊಡ್ಡವ್ವ ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ ಸಹಿ ಕಲಿತವಳು. ಪೆನ್ನು ಒತ್ತಿ ಹಿಡಿದು, ಒಂದೊಂದೇ ಅಕ್ಷರ ಬಿಡಿ ಬಿಡಿಯಾಗಿ ಬರೆದಳು. ಬರೆದು ಮುಗಿಸಿ ಕಾಗದವನ್ನು ದೂರ ಹಿಡಿದು ನೋಡಿದಳು. ಆಮೇಲೆ ಕೇಳಿದಳು: "ಒಟ್ಟ ಎಷ್ಟ ಪದಾ ಹಾಕೀದಿ?"

"ಒಂಬತ್ತು" ಎಂದೆ. ಆಗ ಒಂಬತ್ತಿದ್ದವು.

"ಆ ಮಾಳಗಿ ಮನಿ ಪದಾ ಬ್ಯಾಡ. ತಗದ ಬಿಡು."

ಆ ಒಂಬತ್ತನೆಯದು, ನಾನು ಬಲ್ಲಂತೆ, ದೊಡ್ಡವ್ವ ಹಾಡಿದ್ದರಲ್ಲೇ ಎಲ್ಲಕ್ಕಿಂತ ಮೇಲು. ಎರಡನೇ ಜಾವ, ಕಾಕಿ ಕೈ ಸೋತು ಕಲ್ಲು ಬಿಟ್ಟಿದ್ದಳು, ದೊಡ್ಡವ್ವ ಒಬ್ಬಳೇ ಬೀಸುತ್ತ ಹಾಡಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಆ ಮನೆಯಲ್ಲಿ ಏನೇನಾಯಿತು ಎಂದು ಆಕೆಯೇ ಕಟ್ಟಿಕೊಂಡ ಪದ. ಅತ್ತೆಯ ಹೆಸರು, ನಾದಿನಿಯ ಹೆಸರು ಎಲ್ಲ ಇದ್ದಂತೆ ಬರುತ್ತವೆ. ಬೀಸುವ ಹೊತ್ತಿಗೆ ಎಲ್ಲರೂ ಮಲಗಿರುತ್ತಾರೆ, ಕಲ್ಲಿನ ಸದ್ದಿನಲ್ಲಿ ಮಾತು ಆಚೆ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಏನನ್ನಾದರೂ ಹಾಡಬಹುದಾಗಿತ್ತು. "ಅವರು ಹ್ವಾದ್ರು. ಅವರ ಮೊಮ್ಮಕ್ಕಳು ಮೊಬೈಲಿನ್ಯಾಗ ಕೇಳ್ತಾವ. ಆ ಹುಡುಗ್ರು ನನಗೇನ ಮಾಡ್ಯಾವ?" ಎಂದಳು.

ನಾನು ವಾದ ಮಾಡಲಿಲ್ಲ. ಹೆಸರು ಬರುವ ಕಡೆ ಮ್ಯೂಟ್ ಮಾಡಬಹುದಿತ್ತು, ಬೇರೆ ಹೆಸರು ಹಾಕಿ ಮತ್ತೆ ಹಾಡಿಸಬಹುದಿತ್ತು. ಅಂಥ ಯೋಚನೆಯೆಲ್ಲ ತಲೆಯಲ್ಲಿ ಬಂದು ಹೋಯಿತು. ಆದರೆ ಇದು ಅವಳ ಪದ, ಅವಳ ಮನೆ, ಅವಳ ತೀರ್ಮಾನ. ಕರಾರಿನ ಕೆಳಗೆ ನಾನೇ ಕೈಯಲ್ಲಿ ಬರೆದು ಸೇರಿಸಿದೆ, ಒಂಬತ್ತನೇ ಪದ ಯಾವ ರೂಪದಲ್ಲೂ ಹೊರಗೆ ಬರಕೂಡದು ಎಂದು. ಮೂವರೂ ಅದರ ಪಕ್ಕ ಇನ್ನೊಮ್ಮೆ ಸಹಿ ಹಾಕಿದೆವು.

ಉಳಿದ ಎಂಟಕ್ಕೂ ಈಗ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ ಸಿಕ್ಕಿದೆ. ಪ್ರತಿ ಧ್ವನಿಮುದ್ರಣಕ್ಕೂ ಒಂದೊಂದು, ಅಕ್ಷರ ಅಂಕಿ ಸೇರಿ ಹನ್ನೆರಡು. ದೊಡ್ಡವ್ವನಿಗೆ ಹೇಳಿದೆ, ನಿನ್ನ ಆಧಾರ್ ಕಾರ್ಡಿಗೂ ಹನ್ನೆರಡು ಅಂಕಿ, ಈಗ ನಿನ್ನ ಪದಗಳಿಗೂ ಹನ್ನೆರಡು ಅಂತ. ಅದು ಅವಳಿಗೆ ಬಹಳ ಹಿಡಿಸಿತು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾಳಂತೆ.

ಮುಖಚಿತ್ರ 3000 ಪಿಕ್ಸೆಲ್ ಚೌಕ ಇರಬೇಕು ಎಂದು ನಿಯಮ. ಅವ್ವ ಹೊಲಿದ ಕೌದಿಯ ನಡುಭಾಗದ ಫೋಟೋ ತೆಗೆದೆ. ಅಲ್ಲಿ ದೊಡ್ಡವ್ವನ ಹಳೆಯ ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ತುಂಡು ಇದೆ, ಕೆಂಪು ಮಾಸಿ ಇಟ್ಟಂಗಿ ಬಣ್ಣಕ್ಕೆ ತಿರುಗಿದೆ, ಹೊಲಿಗೆಯ ಬಿಳಿ ದಾರ ಮಾತ್ರ ಹಾಗೇ ಇದೆ. ಅದರ ಮೇಲೆ ಕನ್ನಡದಲ್ಲಿ ಹೆಸರು. ಮೊದಲ ಸಲ ಕಳಿಸಿದ್ದು ವಾಪಸ್ ಬಂತು, ಚಿತ್ರದ ಮೇಲೆ ಕನ್ನಡ ಅಕ್ಷರ, ಫಾರ್ಮಿನಲ್ಲಿ ಇಂಗ್ಲಿಷ್ ಅಕ್ಷರ, ಎರಡೂ ಒಂದೇ ಇರಬೇಕು ಎಂದು. ಫಾರ್ಮನ್ನೂ ಕನ್ನಡ ಮಾಡಿದೆ.

ಹಾಡಿನ ಸಾಹಿತ್ಯದ ಒಂದು ಪುಟ್ಟ ಪುಸ್ತಿಕೆಯನ್ನೂ ಅಚ್ಚು ಹಾಕಿಸುತ್ತಿದ್ದೇನೆ, ಇನ್ನೂರು ಪ್ರತಿ. ಪ್ರೆಸ್ಸಿನವರದು "ನುಡಿ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶ, ನನ್ನದು ಯೂನಿಕೋಡ್. ಯೂನಿಕೋಡಿನಿಂದ ನುಡಿಗೆ ಬದಲಿಸುವಾಗ ಅರ್ಕಾವತ್ತು ಒಂದಕ್ಷರ ಆಚೆ ಹೋಗಿ ಕೂತಿತ್ತು, ಒತ್ತಕ್ಷರಗಳು ಬಿಡಿಬಿಡಿಯಾಗಿ ಉದುರಿದ್ದವು. ಕನ್ನಡ ಅಚ್ಚು ಮಾಡಿಸುವವರಿಗೆ ಇದು ಗೊತ್ತಿರುವ ಕಷ್ಟ. ಪ್ರೂಫ್ ಮೂರು ಸಲ ಓದಿದೆ. ತ್ರಿಪದಿಗಳನ್ನು ಮೂರು ಸಾಲಿನಲ್ಲೇ ಅಚ್ಚು ಮಾಡಿ, ಮರುಕಳಿಸುವ ಭಾಗದ ಮುಂದೆ ಒಂದು ಸಣ್ಣ ಜೋಳದ ಕಾಳಿನ ಗುರುತು ಇಡಿಸಿದ್ದೇನೆ. ಓದುತ್ತ ಕೇಳುವವರಿಗೆ ಕೈ ಎಲ್ಲಿ ಹೋಗುತ್ತದೆ ಎಂದು ತಿಳಿಯಲಿ ಅಂತ.

ಬಿಡುಗಡೆಗೆ ಶುಕ್ರವಾರವೇ ಒಳ್ಳೆಯದು ಎಂದು ಹಲವರು ಹೇಳಿದರು. 2015ರ ಜುಲೈಯಿಂದ ಜಗತ್ತಿನ ಎಷ್ಟೋ ಕಡೆ ಹೊಸ ಆಲ್ಬಮ್‌ಗಳು ಶುಕ್ರವಾರವೇ ಬರುತ್ತವೆ. ದೊಡ್ಡವ್ವನನ್ನು ಕೇಳಿದೆ. "ಪಂಚಮಿಗೆ ಬಿಡು" ಎಂದಳು. ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುತ್ತಾರೆ, ಮನೆ ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ಗಿಡಕ್ಕೆಲ್ಲ ಜೋಕಾಲಿ. ಈ ಪದಗಳನ್ನು ಕೇಳಬೇಕಾದವರು ಆ ದಿನ ಊರಲ್ಲೇ ಇರುತ್ತಾರೆ. ಪಂಚಮಿ ಶುಕ್ರವಾರ ಬೀಳದಿದ್ದರೂ ಚಿಂತೆಯಿಲ್ಲ ಎಂದು ಆ ದಿನವೇ ಹಾಕಿದೆ. ಸ್ಪಾಟಿಫೈಗೆ ಹೊಸ ಹಾಡಿನ ವಿಷಯ ಬರೆದು ಕಳಿಸುವುದಿದ್ದರೆ ಕನಿಷ್ಠ ಏಳು ದಿನ ಮೊದಲು ಕಳಿಸಬೇಕು, ಅದನ್ನು ಈ ವಾರವೇ ಮುಗಿಸುತ್ತೇನೆ.

ಊರಿನವರಿಗೆ ಆ್ಯಪ್‌ಗಿಂತ ಪೆನ್‌ಡ್ರೈವ್ ಹತ್ತಿರ. ಟ್ರ್ಯಾಕ್ಟರಿನ ಸೆಟ್ಟಿಗೆ ಸ್ಟುಡಿಯೋದ ದೊಡ್ಡ ಫೈಲು ಓಡುವುದಿಲ್ಲ, ಎಂಪಿ3 ಬೇಕು. ಎಂಟೂ ಹಾಡು ಸೇರಿ 90 ಎಂಬಿಯಷ್ಟು ಆಯಿತು. ಇಂಜಿನ್ ಸದ್ದಿನಲ್ಲಿ ಮೆಲುದನಿ ಕೇಳುವುದಿಲ್ಲವಲ್ಲ, ಅದಕ್ಕೆಂದೇ ಸ್ವಲ್ಪ ಜೋರಾದ ಬೇರೆ ಮಾಸ್ಟರ್ ಮಾಡಿಸಿದೆ. ಕೀಪ್ಯಾಡ್ ಫೋನ್ ಇರುವ ಅಜ್ಜಿಯಂದಿರಿಗೆ ಮೆಮೊರಿ ಕಾರ್ಡ್. ಅರವತ್ತು ಕಾರ್ಡ್ ತಂದಿಟ್ಟಿದ್ದೇನೆ, ಇನ್ನು ದಿನಾ ಆಫೀಸಿನಿಂದ ಬಂದು ಹತ್ತು ಹತ್ತು ತುಂಬಿಸಬೇಕು, ಮಗಳು ಚೀಟಿ ಅಂಟಿಸುತ್ತಾಳೆ.

ಹೋದ ಭಾನುವಾರ ಪುಸ್ತಿಕೆಯ ಪ್ರೂಫ್ ತೆಗೆದುಕೊಂಡು ಊರಿಗೆ ಹೋಗಿ ಇಬ್ಬರಿಗೂ ಓದಿ ಹೇಳುತ್ತ ಕೂತಿದ್ದೆ. ನಾಲ್ಕನೇ ಪದ, ತಂಗಿಯನ್ನು ಕರೆಯಲು ಅಣ್ಣ ತಡವಾಗಿ ಬರುವ ಪದ. ಅಣ್ಣ ಯಾಕೆ ತಡವಾದ ಎಂದರೆ "ಸಂತಿ"ಗೆ ಹೋಗಿದ್ದ ಎಂದು ನಾನು ಬರೆದಿದ್ದೆ. ನನ್ನ ಕಿವಿಗೆ ಹಾಗೇ ಕೇಳಿತ್ತು, ನೂರು ಸಲ ಕೇಳಿದ್ದೆ. ದೊಡ್ಡವ್ವ ನಡುವೆಯೇ ತಡೆದಳು. "ಸಂತಿ ಅಲ್ಲವ್ವಾ, ಹಂತಿ!" ಹಂತಿ ಎಂದರೆ ಕಣದಲ್ಲಿ ರಾಶಿ ಮಾಡುವಾಗ ಎತ್ತುಗಳನ್ನು ಸಾಲಾಗಿ ಕಟ್ಟಿ ತುಳಿಸುವುದು. ಸಂತೆ ಸುತ್ತುತ್ತ ತಂಗಿಯನ್ನು ಮರೆತ ಅಣ್ಣ ನನ್ನ ಬರವಣಿಗೆಯಲ್ಲಿದ್ದವನು. ಅವಳ ಪದದಲ್ಲಿದ್ದವನು ರಾತ್ರಿಯೆಲ್ಲ ರಾಶಿ ಮಾಡಿ, ಎತ್ತು ಬಿಚ್ಚಿ, ಮೈಮೇಲಿನ ಹೊಟ್ಟು ಕೊಡವಿಕೊಂಡು ಬಂದವನು. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಹಂತಿ ಎಂದೇ ಇದೆ.

ಪ್ರೆಸ್ಸಿನವರಿಗೆ ಅಚ್ಚು ನಿಲ್ಲಿಸಲು ಹೇಳಿದ್ದೇನೆ. ಹೊತ್ತು ಮುಳುಗಿದ್ದರಿಂದ ಆ ದಿನ ಐದನೇ ಪದದವರೆಗೆ ಮಾತ್ರ ಓದಿ ಹೇಳಲು ಆಯಿತು. ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಹೋಗಿ ಉಳಿದ ಮೂರನ್ನೂ ಓದಿ ಕೇಳಿಸಬೇಕು. ಕಾಕಿ ಬರುವಾಗ ಎರಡು ಪಾವು ಹುರಿಗಡಲೆ ತಾ ಎಂದಿದ್ದಾಳೆ.